ನಲವತ್ತು ಲೋಡ್ ಗೋಡು

ಕಳೆದ ಬೇಸಿಗೇಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದುಗಡೆ ಹೊಸ ಎಸ್‌ಟಿಪಿಗೆ ಗುಂಡಿ ತೋಡಿದರು. ಹಳೇದು ಹದಿನೈದು ವರ್ಷದ್ದು, ಅರ್ಧ ಫ್ಲ್ಯಾಟುಗಳು ಖಾಲಿ ಇದ್ದಾಗ ಕಟ್ಟಿದ್ದು. ಈಗ ಎಲ್ಲಾ ತುಂಬಿವೆ, ಅದೂ ತುಂಬಿ ತುಳುಕುತ್ತಿತ್ತು. ಜೆಸಿಬಿ ಮೊದಲ ನಾಲ್ಕು ಅಡಿ ತೋಡುವಾಗ ವೈಟ್‌ಫೀಲ್ಡಿನ ಮಾಮೂಲಿ ಕೆಮ್ಮಣ್ಣು ಬಂತು. ಹಳೇ ಟ್ಯಾಂಕಿನ ಗೋಡೆ ಹತ್ತಿರ ಹೋಗ್ತಿದ್ದ ಹಾಗೆ ಮಣ್ಣಿನ ಬಣ್ಣ ಬದಲಾಯ್ತು. ಕಪ್ಪು, ಜಿಗುಟು, ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ಗೋಡೆ ಬಿರುಕು ಬಿಟ್ಟು ಎಷ್ಟು ವರ್ಷದಿಂದ ಸೋರುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಕಂಟ್ರಾಕ್ಟರು ನಿರಾಳವಾಗಿದ್ದ. "ಟೆನ್ಷನ್ ತಗೋಬೇಡಿ ಸಾರ್. ನಲವತ್ತು ಲೋಡ್ ಆಗಬಹುದು. ಹೊಸಕೋಟೆ ಆಚೆ ರೈತರು ಕೇಳ್ಕೊಂಡು ಬರ್ತಾರೆ, ಒಳ್ಳೆ ಗೊಬ್ಬರದ ಮಣ್ಣಿದು" ಅಂದ. ಸಮಿತಿಯಲ್ಲಿದ್ದ ಎಲ್ಲರಿಗೂ ಈ ಐಡಿಯಾ ಹಿಡಿಸಿತು. ನಮ್ಮ ತಲೆನೋವೂ ಹೋಯ್ತು, ಬಡ ರೈತನಿಗೆ ಉಪಕಾರವೂ ಆಯ್ತು! ಸಮಿತಿಯಲ್ಲಿ ನಾನೂ ಇದ್ದೆ. ಸುಮ್ಮನೆ ತಲೆ ಆಡಿಸಿದೆ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ಅಪ್ಪನಿಗೆ ಇದನ್ನ ಹೇಳಿದೆ. ಆ ಕಡೆ ಒಂದು ನಿಮಿಷ ಮೌನ. ಆಮೇಲೆ, "ನಲವತ್ತು ಲೋಡಾ? ಯಾರಿಗೋ ಯಾಕೋ ಕೊಡ್ತೀಯ, ನಮಗೊಂದು ಹತ್ತು ಲೋಡ್ ಕಳಿಸೋ. ಟೊಮೆಟೊ ಹೊಲಕ್ಕೆ ಹೊಡಸ್ತೀನಿ" ಅಂದ.

ನಮ್ಮೂರು ಕೋಲಾರ ತಾಲ್ಲೂಕಿನಲ್ಲಿದೆ. ಅಪಾರ್ಟ್‌ಮೆಂಟಿನಿಂದ ಒಂದೂವರೆ ಗಂಟೆ ದಾರಿ. ಬೆಳಗ್ಗೆ ಸಮಿತಿಯಲ್ಲಿ ತಲೆ ಆಡಿಸಿದವನಿಗೆ ರಾತ್ರಿ "ಸರಿ ಅಪ್ಪ, ಕಳಿಸ್ತೀನಿ" ಅನ್ನೋಕೆ ಆಗಲಿಲ್ಲ. ಯಾರದ್ದೋ ಹೊಲಕ್ಕೆ ಆಗಬಹುದಾದ ಮಣ್ಣು ನಮ್ಮ ಹೊಲಕ್ಕೆ ಯಾಕೆ ಆಗಬಾರದು? ಈ ಪ್ರಶ್ನೆ ಹಿಡಕೊಂಡು ಹೋದಾಗ ಸಿಕ್ಕಿದ ಚರಿತ್ರೆಯನ್ನ ಇಲ್ಲಿ ಬರೀತಾ ಇದ್ದೀನಿ.

ಮೊದಲು ಅಪ್ಪ ಯಾಕೆ ಕೇಳಿದ ಅಂತ ಹೇಳಬೇಕು. ಕೆರೆಯ ತಳದಲ್ಲಿ ಕೂತ ಹೂಳಿಗೆ ನಮ್ಮ ಕಡೆ ಗೋಡು ಅಂತಾರೆ. ಬೇಸಿಗೇಲಿ ಕೆರೆ ಒಣಗಿ ತಳ ಬಿರುಕು ಬಿಟ್ಟರೆ ಊರಿನ ಎತ್ತಿನಗಾಡಿಗಳೆಲ್ಲಾ ಅಲ್ಲೇ. ಗುದ್ದಲಿಯಲ್ಲಿ ಅಗೆದು, ಮಂಕರಿಯಲ್ಲಿ ತುಂಬಿ, ಹೊಲಕ್ಕೆ ಸುರಿದು, ಮೊದಲ ಮಳೆ ಬಿದ್ದ ಮೇಲೆ ಉತ್ತು ಬೆರೆಸೋದು. ಮಳೆಗೆ ಹೊಲದಿಂದ ಕೊಚ್ಚಿಹೋದ ಮಣ್ಣು ಗೋಡಾಗಿ ವಾಪಸ್ ಬರ್ತಿತ್ತು. ಹೊಲಕ್ಕೆ ಸತ್ವ ಸಿಕ್ತಿತ್ತು, ಕೆರೆಯ ಹೂಳೂ ಇಳೀತಿತ್ತು. ಗೋಡು ಹೊಡೆಸಿದ ವರ್ಷ ರಾಗಿ ತೆನೆ ಹೇಗೆ ಬರ್ತಿತ್ತು ಅಂತ ಅಪ್ಪ ಈಗಲೂ ಕೈ ಬೊಗಸೆ ಮಾಡಿ ತೋರಿಸ್ತಾನೆ. ಅವನ ಲೆಕ್ಕದಲ್ಲಿ ಕಪ್ಪು ಮಣ್ಣು ಅಂದ್ರೆ ಪುಕ್ಕಟೆ ಗೊಬ್ಬರ.

ಈ ಲೆಕ್ಕಕ್ಕೆ ಕನಿಷ್ಠ ಸಾವಿರ ವರ್ಷದ ವಯಸ್ಸಿದೆ. ಅದಕ್ಕೆ ಸಾಕ್ಷಿ ಹುಡುಕೋಕೆ ನಾನು ಕೋಲಾರದವರೆಗೆ ಹೋಗಬೇಕಾಗಿಲ್ಲ, ಆಫೀಸಿನ ಪಕ್ಕದಲ್ಲೇ ಇದೆ. ರಾಜೇಂದ್ರ ಚೋಳನ ಕಾಲದ, 1043ರ ಒಂದು ಶಾಸನ ಕಾಡುಗೋಡಿಯಲ್ಲಿದೆ. ಪೆರ್ಮಾಡಿ ಗಾವುಂಡನ ಮಗ ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬು ಇಡಿಸಿದ ಅಂತ ಅದು ಹೇಳುತ್ತೆ. ನಾವು ಐಟಿಪಿಎಲ್ ಅಂತ ಕರೆಯೋ ಜಾಗ ಇರೋದು ಇದೇ ಪಟ್ಟಂದೂರು ಅಗ್ರಹಾರದ ಸುತ್ತಮುತ್ತ. ಕೆರೆ ಕಟ್ಟಿಸಿದರೆ ಮುಗೀತಿರಲಿಲ್ಲ, ಅದನ್ನ ಕಾಪಾಡೋ ಏರ್ಪಾಡೂ ಬೇಕಿತ್ತು. ನಮ್ಮ ಶಾಸನಗಳಲ್ಲಿ ಅದಕ್ಕೆ ಹೆಸರುಗಳೇ ಇವೆ: ಕೆರೆ ಕಟ್ಟಿದವನಿಗೆ, ರಿಪೇರಿ ಮಾಡಿದವನಿಗೆ ಕೊಡೋ ಜಮೀನು ಕಟ್ಟುಕೊಡಗೆ. ಕೆರೆಯ ಖರ್ಚಿಗೆ ಅಂತ ಬೆಳೆಯಲ್ಲಿ ಎತ್ತಿಡೋ ಪಾಲು, ಬಿಡೋ ಭೂಮಿ ಬಿತ್ತುವಟ್ಟ. ಹೂಳು ಎತ್ತೋ ಬಂಡಿಗಳಿಗೂ ದತ್ತಿ ಬಿಟ್ಟಿದ್ದಾರೆ. ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಪ್ರಾಜೆಕ್ಟ್ ಶುರುವಾಗೋ ದಿನವೇ ಮೇಂಟೆನೆನ್ಸ್ ಬಜೆಟ್ ಪಾಸಾಗಿರುತ್ತಿತ್ತು.

ವೈಟ್‌ಫೀಲ್ಡ್ ಅನ್ನೋ ಹೆಸರು ಬಹಳ ಆಮೇಲೆ ಬಂದದ್ದು. 1882ರಲ್ಲಿ ಮೈಸೂರು ಮಹಾರಾಜರು ಸುಮಾರು 3900 ಎಕರೆ ಜಾಗವನ್ನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟರು. ಸಂಘದ ಮುಂದಾಳು ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್. ಉದ್ದೇಶ ಬೇಸಾಯ. ಅಂದ್ರೆ ಈ ಊರು ಹುಟ್ಟಿದ್ದೇ ಮಣ್ಣಿನ ಕೆಲಸಕ್ಕೆ. ನೂರ ಚಿಲ್ಲರೆ ವರ್ಷ ಬಿಟ್ಟು ಟೆಕ್ ಪಾರ್ಕು ಬಂತು, ನಾವು ಬಂದ್ವಿ.

ಆ ಹೊತ್ತಿಗೆ ಬೆಂಗಳೂರು ನಗರದಲ್ಲಿ ಬೇರೆಯದೇ ಕಥೆ ನಡೀತಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಗೆ ಬಂತು. 1898ರಲ್ಲಿ ಪ್ಲೇಗು ಬಂತು. ಊರು ಶುಚಿಯಾಗಿರಬೇಕು ಅನ್ನೋ ಭಯ ಅದರ ಜೊತೆ ಬಂತು. ನಗರದ ಒಳಚರಂಡಿ ವ್ಯವಸ್ಥೆ ಶುರುವಾದದ್ದು 1922ರಲ್ಲಿ. ಮನೆಗೆ ನೀರು ತರೋಕೆ ತೋರಿಸಿದ ಆತುರವನ್ನ ಮನೆಯಿಂದ ಹೊರಹೋಗೋ ನೀರಿಗೆ ನಾವು ಯಾವತ್ತೂ ತೋರಿಸಿದವರಲ್ಲ.

ಆದರೆ ಅದೇ ಕಾಲದಲ್ಲಿ, ಕೊಳಕು ನೀರಿನ ಬಗ್ಗೆ ಜಗತ್ತಿನಲ್ಲೇ ಹೆಚ್ಚು ತಿಳಿದವರಲ್ಲಿ ಒಬ್ಬರು ಬೆಂಗಳೂರಿನಲ್ಲೇ ಇದ್ದರು! ಗಿಲ್ಬರ್ಟ್ ಫೌಲರ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಪಾಲಿಕೆಗೆ ಸಲಹೆಗಾರರಾಗಿದ್ದ ರಸಾಯನಶಾಸ್ತ್ರಜ್ಞ. 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆ ನೀರಿಗೆ ಗಾಳಿ ಊದೋ ಪ್ರಯೋಗ ನೋಡಿ ಬಂದು, ಜೊತೆಯವರಾದ ಆರ್ಡರ್ನ್ ಮತ್ತು ಲಾಕೆಟ್ ಅವರಿಗೆ ಅದರ ಬೆನ್ನು ಹತ್ತಿ ಅಂದರು. ಬರೀ ಗಾಳಿ ಊದಿದರೆ ನೀರು ಪೂರ್ತಿ ಶುದ್ಧವಾಗೋಕೆ ಸುಮಾರು ಐದು ವಾರ ಬೇಕಾಗ್ತಿತ್ತು. ತಳದಲ್ಲಿ ಕೂತ ಕೆಸರನ್ನ ಬಿಸಾಡದೆ ಉಳಿಸಿಕೊಂಡು, ಅದರ ಮೇಲೇ ಹೊಸ ಕೊಳಚೆ ನೀರು ಬಿಟ್ಟು ಗಾಳಿ ಊದಿದಾಗ ಅದೇ ಕೆಲಸ ಒಂದು ದಿನದೊಳಗೆ ಮುಗೀತು. ಕೆಸರಿನಲ್ಲಿದ್ದ ಬ್ಯಾಕ್ಟೀರಿಯಾಗಳೇ ಕೆಲಸಗಾರರು. 1914ರಲ್ಲಿ ಅವರಿಬ್ಬರು ಪ್ರಕಟಿಸಿದ ಈ ವಿಧಾನಕ್ಕೆ ಆಕ್ಟಿವೇಟೆಡ್ ಸ್ಲಡ್ಜ್ ಅಂತ ಹೆಸರಾಯಿತು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಗೊರಗೊರ ಅನ್ನೋ ಬ್ಲೋವರಿನ ಮೂಲಪುರುಷರು ಅವರು. ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಜಾಗಕ್ಕೆ, ಪ್ರಾಧ್ಯಾಪಕರಾಗಿ ಬಂದರು. ಊರಿನ ಕೊಳಕಿನಲ್ಲಿರೋ ಸಾರಜನಕ ವ್ಯರ್ಥವಾಗದೆ ಹೊಲಕ್ಕೆ ವಾಪಸ್ ಹೋಗಬೇಕು ಅನ್ನೋದು ಅವರು ಬಿಡದೆ ಹಿಡಿದುಕೊಂಡಿದ್ದ ವಿಚಾರ.

1939ರಲ್ಲಿ ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಇನ್ನೊಂದು ವಿಧಾನ ರೂಪಿಸಿದರು. ಗುಂಡಿ ತೋಡಿ ಒಂದು ಪದರ ಊರಿನ ಕಸ, ಒಂದು ಪದರ ಮಲ ಹಾಕಿ, ಮೇಲೆ ಮಣ್ಣು ಮುಚ್ಚಿ ತಿಂಗಳುಗಟ್ಟಲೆ ಬಿಡೋದು. ಮಗುಚೋ ಕೆಲಸ ಇಲ್ಲ. ತೆಗೆದರೆ ಗೊಬ್ಬರ. ಕಾಂಪೋಸ್ಟ್ ಬಗ್ಗೆ ಬರೆದ ಪುಸ್ತಕಗಳಲ್ಲಿ ಇವತ್ತಿಗೂ ಇದಕ್ಕೆ ಬೆಂಗಳೂರು ವಿಧಾನ ಅಂತಲೇ ಹೆಸರು. ಸಿಲಿಕಾನ್ ವ್ಯಾಲಿ, ಗಾರ್ಡನ್ ಸಿಟಿ ಅಂತ ಹೆಮ್ಮೆ ಪಡೋ ನಮಗೆ ಇದನ್ನ ಸ್ಕೂಲಲ್ಲಿ ಯಾರೂ ಹೇಳಿಕೊಡಲಿಲ್ಲ.

ಹಾಗಾದ್ರೆ ಅಪ್ಪ ಹೇಳಿದ್ದೂ ಸರಿ, ಕಂಟ್ರಾಕ್ಟರ್ ಹೇಳಿದ್ದೂ ಸರಿ ಅಲ್ವಾ? ಊರಿನ ಕೊಳೆ ಹೊಲದ ಗೊಬ್ಬರ ಅಂತ ಗೌಡರೂ ವಿಜ್ಞಾನಿಗಳೂ ಒಪ್ಪಿದ್ದಾರೆ. ಆದರೆ 1939ರ ಕೊಳೆಗೂ ಇವತ್ತಿನ ಕೊಳೆಗೂ ವ್ಯತ್ಯಾಸವಿದೆ.

1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂತು. ಕೋರಮಂಗಲ ಚಲ್ಲಘಟ್ಟ ಕಣಿವೆಯಲ್ಲೂ ವೃಷಭಾವತಿ ಕಣಿವೆಯಲ್ಲೂ ಕೊಳಚೆ ಶುದ್ಧೀಕರಣ ಘಟಕಗಳು ಶುರುವಾದದ್ದೂ ಅದೇ ಕಾಲಕ್ಕೆ. ಒಂದು ಕಡೆ ನದಿಯಷ್ಟು ನೀರು ಒಳಗೆ, ಇನ್ನೊಂದು ಕಡೆ ಅದರಲ್ಲಿ ಸ್ವಲ್ಪಕ್ಕೆ ಮಾತ್ರ ಶುದ್ಧೀಕರಣ. ಉಳಿದದ್ದು ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ. ಬೆಳ್ಳಂದೂರು ಕೆರೆ ಸುಮಾರು 900 ಎಕರೆ, ವರ್ತೂರು ಅದರ ಅರ್ಧದಷ್ಟು. ಅಷ್ಟು ದೊಡ್ಡ ಕೆರೆಗಳ ತಳದಲ್ಲಿ ದಶಕಗಟ್ಟಲೆ ಕೂತದ್ದು ಹೊಲದಿಂದ ಬಂದ ಗೋಡಲ್ಲ, ನಗರದ ಕೆಸರು.

ಆ ಕೆಸರಿನಲ್ಲಿ ಬರೀ ನಮ್ಮ ಹೊಟ್ಟೆಯಿಂದ ಬಂದದ್ದು ಇದ್ದಿದ್ರೆ ಪರವಾಗಿರಲಿಲ್ಲ. ಸೋಪಿನ ಪುಡಿಯ ರಂಜಕ ಇದೆ, ಪ್ಲೇಟಿಂಗ್ ಶೆಡ್ಡುಗಳ ಕ್ರೋಮಿಯಂ, ನಿಕ್ಕಲ್ ಇದೆ, ಬ್ಯಾಟರಿಯ ಸೀಸ, ಕ್ಯಾಡ್ಮಿಯಂ ಇದೆ. ಫೌಲರ್ ನಂಬಿದ ಬ್ಯಾಕ್ಟೀರಿಯಾ ಅನ್ನದ ಅಗಳು ತಿನ್ನುತ್ತೆ, ಮಲ ತಿನ್ನುತ್ತೆ. ಲೋಹ ತಿನ್ನಲ್ಲ. ಲೋಹಕ್ಕೆ ಕೊಳೆಯೋದು ಗೊತ್ತಿಲ್ಲ. ನೀರು ಎಷ್ಟು ಚೆನ್ನಾಗಿ ಶುದ್ಧವಾಗುತ್ತೋ, ಅದರಲ್ಲಿದ್ದ ಲೋಹ ಅಷ್ಟೇ ಚೆನ್ನಾಗಿ ಕೆಸರಿಗೆ ಇಳಿದು ಕೂರುತ್ತೆ. ಶುದ್ಧೀಕರಣ ಅಂದ್ರೆ ಕೊಳೆಯನ್ನ ಮಾಯ ಮಾಡೋದು ಅಂತ ನಾನು ತಿಳಿದುಕೊಂಡಿದ್ದೆ. ಅರ್ಧ ಕೆಲಸ ಬರೀ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸೋದು.

2006ರಲ್ಲಿ ಎಚ್. ಲೋಕೇಶ್ವರಿ ಮತ್ತು ಜಿ. ಟಿ. ಚಂದ್ರಪ್ಪ ಅನ್ನೋ ಸಂಶೋಧಕರು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬೆಳ್ಳಂದೂರು ಕೆರೆ ನೀರು ಹಾಯಿಸಿದ ಮಣ್ಣು ಮತ್ತು ಬೆಳೆಯ ಲೆಕ್ಕ ಕೊಟ್ಟರು. ಅಕ್ಕಿ, ತರಕಾರಿಗಳಲ್ಲಿ ಕೆಲವು ಲೋಹಗಳು ಭಾರತೀಯ ಮಿತಿ ದಾಟಿದ್ದವು. ಸತು, ತಾಮ್ರ, ಸೀಸ, ಕ್ಯಾಡ್ಮಿಯಂ ಮಣ್ಣಿನಿಂದ ಗಿಡಕ್ಕೆ ಗಣನೀಯವಾಗಿ ಏರುತ್ತಿದ್ದವು. ಈ ಸೊಪ್ಪು, ತರಕಾರಿ ತಿಂದವರು ಯಾರು? ನಾವೇ. ಆ ಸುದ್ದಿಗೆ ಯಾರೂ ಗಾಬರಿಯಾಗಲಿಲ್ಲ. 2015ರಲ್ಲಿ ನೊರೆ ಎದ್ದು ರಸ್ತೆಗೆ ಹಾರಿ ಬೈಕಿನವರ ಮೇಲೆ ಬಿದ್ದಾಗ ಗಾಬರಿಯಾದ್ವಿ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಿಂದ ಹೊಗೆ ಎದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಕೇಸು ಎತ್ತಿಕೊಂಡಿತು. 2018ರ ಜನವರಿ 19ರಂದು ಮತ್ತೆ ಬೆಂಕಿ ಬಿತ್ತು, ಆರಿಸೋಕೆ ಸೈನಿಕರು ಬರಬೇಕಾಯ್ತು. ಕೆರೆಗೆ ಬೆಂಕಿ ಅನ್ನೋ ಮಾತನ್ನ ನಮ್ಮಜ್ಜಿಗೆ ಹೇಳಿದ್ರೆ ನನಗೇ ತಲೆ ಕೆಟ್ಟಿದೆ ಅಂತಿದ್ದಳು.

2018ರ ಡಿಸೆಂಬರ್ 6ರಂದು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಎತ್ತಿಡೋಕೆ ಹೇಳಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಮೇಲ್ವಿಚಾರಣಾ ಸಮಿತಿ ನೇಮಿಸಿತು. ಆಮೇಲೆ ಬಿಡಿಎ ಎರಡೂ ಕೆರೆಗಳ ಹೂಳು ಎತ್ತೋಕೆ ಶುರು ಮಾಡಿತು. ಆಗ ಎದ್ದದ್ದು ನಮ್ಮ ಗುಂಡಿಯ ಪ್ರಶ್ನೆಯೇ, ಎಷ್ಟೋ ಪಟ್ಟು ದೊಡ್ಡದಾಗಿ: ತೆಗೆದದ್ದನ್ನ ಎಲ್ಲಿ ಹಾಕೋದು? ವರ್ತೂರಿನ ಹೂಳನ್ನ ರೈತರು ಗೊಬ್ಬರಕ್ಕೆ ಅಂತ ಒಯ್ದರು. ಬೆಳ್ಳಂದೂರಿನ ಹೂಳಿಗೆ ಹಳೇ ಕಲ್ಲು ಕ್ವಾರಿಗಳನ್ನ ಹುಡುಕಿದರು. ನಮ್ಮ ಕಡೆಯವರೂ ಕೆಲವರು ವರ್ತೂರಿಂದ ಲೋಡು ತರಿಸಿಕೊಂಡಿದ್ದನ್ನ ಅಪ್ಪ ಕೇಳಿದ್ದ. ಅವನಿಗೆ ಆಸೆ ಹುಟ್ಟಿದ್ದೇ ಅಲ್ಲಿಂದ.

ಎಲ್ಲಿ ಹಾಕೋದು ಅನ್ನೋದು ನಮ್ಮದೊಂದೇ ಊರಿನ ತಲೆನೋವಲ್ಲ. ಲಂಡನ್ ನಗರ 1887ರಿಂದ 1998ರವರೆಗೆ ತನ್ನ ಕೊಳಚೆ ಕೆಸರನ್ನ ಹಡಗಿಗೆ ತುಂಬಿ ಸಮುದ್ರಕ್ಕೆ ಸುರೀತಿತ್ತು. ಜಪಾನಿನ ಜಿನ್‌ಜೂ ನದಿ ಬಯಲಿನಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆಗೆ ಸೇರಿ, ಅನ್ನ ತಿಂದವರ ಮೂಳೆ ಪುಡಿಯಾಯ್ತು. ಜನ ನೋವಿಗೆ "ಇತಾಯಿ ಇತಾಯಿ" ಅಂತ ಕೂಗ್ತಿದ್ದರು, ರೋಗಕ್ಕೆ ಅದೇ ಹೆಸರಾಯ್ತು. 1968ರಲ್ಲಿ ಸರ್ಕಾರ ಕಾರಣ ಒಪ್ಪಿಕೊಂಡಿತು. ಆ ಗದ್ದೆಗಳ ಮಣ್ಣು ಸರಿಮಾಡೋ ಕೆಲಸ 1979ರಲ್ಲಿ ಶುರುವಾಗಿ ಮುಗಿದದ್ದು 2012ಕ್ಕೆ. ನಮ್ಮ ಗುಂಡಿಯ ಮಣ್ಣಿಗೂ ಜಪಾನಿನ ಗಣಿಗೂ ಹೋಲಿಕೆ ಇಲ್ಲ, ಹೆದರಿಸೋಕೆ ಹೇಳ್ತಿಲ್ಲ. ಕೆಡಿಸಿದ ಮಣ್ಣನ್ನ ವಾಪಸ್ ತರೋಕೆ ಎಷ್ಟು ಕಾಲ ಹಿಡಿಯುತ್ತೆ ಅನ್ನೋದಷ್ಟೇ ಗಮನಿಸಿ. ಲೋಡು ಸುರಿಯೋಕೆ ಐದು ನಿಮಿಷ ಸಾಕು.

ಮುಂದಿನ ಮೀಟಿಂಗಿನಲ್ಲಿ ನಾನು ಬಾಯಿ ಬಿಟ್ಟೆ. ಟೆಸ್ಟ್ ಮಾಡಿಸದೆ ಒಂದು ಬುಟ್ಟಿ ಮಣ್ಣೂ ಗೇಟು ದಾಟಬಾರದು ಅಂದೆ. ಒಬ್ಬರು, "ರೈತರೇ ಖುಷಿಯಾಗಿ ತಗೋತಾರೆ, ನಿಮಗೇನು ಕಷ್ಟ?" ಅಂದರು. ಕೇಳಿದ ರೈತ ನಮ್ಮಪ್ಪ ಅಂತ ಹೇಳಿದೆ. ಆಮೇಲೆ ವಾದ ಖರ್ಚಿನ ಕಡೆ ತಿರುಗಿತು. ಅದು ನ್ಯಾಯವಾದ ವಾದ, ಅರ್ಧ ದಿನ ಜಗಳ ಆಡಿ ಒಪ್ಪಿಸಿದ್ವಿ.

ಮಾಡಿದ್ದು ದೊಡ್ಡ ವಿಜ್ಞಾನವೇನಲ್ಲ. ಕೆಂಪು ಮಣ್ಣು ಒಂದು ಗುಡ್ಡೆ, ಕಪ್ಪು ಮಣ್ಣು ಇನ್ನೊಂದು ಗುಡ್ಡೆ. ಬೆರೆಸಿದರೆ ಎಲ್ಲವೂ ಕೆಟ್ಟ ಹಾಗೆ, ಖರ್ಚೂ ನಾಲ್ಕು ಪಟ್ಟು. ಕಪ್ಪು ಗುಡ್ಡೆಯ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಟಾರ್ಪಾಲು, ಸುತ್ತ ಒಂದು ಬದು, ಮಳೆ ನೀರು ಅದರಲ್ಲಿ ಇಳಿದು ಕಾಲುವೆ ಸೇರಬಾರದು ಅಂತ. ಎರಡೂ ಗುಡ್ಡೆಯಿಂದ ನಾಲ್ಕೈದು ಕಡೆ ಮಣ್ಣು ತೆಗೆದು ಲ್ಯಾಬಿಗೆ ಕೊಟ್ವಿ. ಜೊತೆಗೆ ಕಾಂಪೌಂಡಿನ ಮೂಲೆಯಲ್ಲಿ ಯಾರೂ ಮುಟ್ಟದ ಜಾಗದ ಮಣ್ಣೂ ಒಂದು ಸ್ಯಾಂಪಲ್. ಮೂಲದಲ್ಲಿ ಮಣ್ಣು ಹೇಗಿತ್ತು ಅಂತ ಗೊತ್ತಿಲ್ಲದೆ ಎಷ್ಟು ಕೆಟ್ಟಿದೆ ಅಂತ ಹೇಳೋಕಾಗಲ್ಲ.

ಹೋಲಿಸೋಕೆ ಒಂದು ಅಳತೆ ಬೇಕಲ್ಲ. 2016ರ ಘನತ್ಯಾಜ್ಯ ನಿಯಮಗಳು ಕಾಂಪೋಸ್ಟಿಗೆ ಮಿತಿ ಹಾಕಿದ್ದವು: ಒಂದು ಕಿಲೋದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ಕ್ರೋಮಿಯಂ 50, ನಿಕ್ಕಲ್ 50, ತಾಮ್ರ 300, ಸತು 1000. ಹೊಲಕ್ಕೆ ಗೊಬ್ಬರ ಅಂತ ಕೊಡೋದಾದ್ರೆ ಈ ಪರೀಕ್ಷೆಯಾದರೂ ಪಾಸಾಗಬೇಕಲ್ವಾ? 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೇ ಪ್ರತ್ಯೇಕ ನಿಯಮ ತಂದಿದೆ. ಆದರೆ ನಲವತ್ತು ಲೋಡಿನ ಗುಂಡಿಗಳು ವೈಟ್‌ಫೀಲ್ಡಿನಲ್ಲಿ ಬೀದಿಗೊಂದಿವೆ. ಒಂದೊಂದರ ಮುಂದೆಯೂ ಅಧಿಕಾರಿ ಬಂದು ನಿಲ್ಲೋಕಾಗಲ್ಲ, ನಿಲ್ಲಬೇಕಾದವರು ಒಳಗಿರೋ ನಾವು.

ರಿಪೋರ್ಟು ಬಂತು. ಕೆಂಪು ಮಣ್ಣು ಮೂಲೆಯ ಮಣ್ಣಿನ ಹಾಗೇ ಇತ್ತು, ಹೊಸ ಟ್ಯಾಂಕಿನ ಸುತ್ತ ತುಂಬೋಕೆ ಬಳಸಿದ್ವಿ. ಕಪ್ಪು ಮಣ್ಣಿನಲ್ಲಿ ಸತು, ತಾಮ್ರ ಮೂಲೆಯ ಮಣ್ಣಿಗಿಂತ ಹಲವು ಪಟ್ಟು ಜಾಸ್ತಿ. ಮಿತಿ ದಾಟಿರಲಿಲ್ಲ, ಆದರೆ ಮಲದ ಬ್ಯಾಕ್ಟೀರಿಯಾ ತುಂಬಿತ್ತು. ನಲವತ್ತು ಲೋಡ್ ಅಂದದ್ದರಲ್ಲಿ ನಿಜವಾಗಿ ಕೆಟ್ಟದ್ದು ಏಳು ಲೋಡ್. ಅದನ್ನ ಅಧಿಕೃತವಾಗಿ ತಗೊಳ್ಳೋ ಜಾಗಕ್ಕೆ ಚೀಟಿ ಸಮೇತ ಕಳಿಸಿದ್ವಿ. ಮನೆಗಿಷ್ಟು ಅಂತ ಹಂಚಿದಾಗ ಖರ್ಚು ಒಂದು ಸಂಜೆಯ ಪಿಜ್ಜಾದಷ್ಟು ಬಂತು.

ಅಪ್ಪನಿಗೆ ಫೋನ್ ಮಾಡಿ, "ಆ ಮಣ್ಣು ಬೇಡ ಕಣಪ್ಪ, ಅದರಲ್ಲಿ ಲೋಹ ಇದೆ, ಹೊಲಕ್ಕೆ ಹಾಕಿದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ" ಅಂದೆ.

"ಎರೆಹುಳ ಇತ್ತಾ ಅದ್ರಲ್ಲಿ?" ಅಂತ ಕೇಳಿದ.

ಯೋಚಿಸಿದೆ. ಒಂದೂ ಇರಲಿಲ್ಲ.

"ಹಂಗಾದ್ರೆ ಬ್ಯಾಡ ಬಿಡು" ಅಂದ. ಲ್ಯಾಬಿಗೆ ಕೊಟ್ಟ ದುಡ್ಡು ನೆನೆದು ನನಗೆ ನಗು ಬಂತು. ಆದರೆ ಕ್ಯಾಡ್ಮಿಯಂ ಇದ್ದರೆ ಎರೆಹುಳ ಬಂದು ಹೇಳಲ್ಲ, ಅಪ್ಪನ ವಿದ್ಯೆಗೆ ಅಷ್ಟು ದೂರ ಕಾಣಲ್ಲ ಅಂತಲೂ ಗೊತ್ತಿತ್ತು. ನಗು ನಿಲ್ಲೋ ಮೊದಲೇ ಅವನು ಇನ್ನೊಂದು ಕೇಳಿದ. "ಅಲ್ಲ ಕಣೋ ಮಗ, ನಮ್ ಕೆರೆಗೂ ಈಗ ನಿಮ್ ಬೆಂಗಳೂರ್ ನೀರೇ ತಾನೆ ಬರ್ತಿರೋದು? ಈ ಗೋಡು ಹೊಡೀಬೋದಾ?"

2018ರ ಜೂನಿನಲ್ಲಿ ಕೆ ಸಿ ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. 126 ಕೆರೆ ತುಂಬಿಸೋ ಯೋಜನೆ. ಶುರುವಿನಲ್ಲೇ ನೊರೆ ಬಂದು, ವಿಷಯ ಹೈಕೋರ್ಟಿಗೆ ಹೋಗಿ, ನೀರು ನಿಂತು, ಆಮೇಲೆ ಮತ್ತೆ ಹರೀತು. ಅದರ ಉಪಕಾರವನ್ನ ನಾನು ಅಲ್ಲಗಳೆಯಲ್ಲ. ಬತ್ತಿಹೋಗಿದ್ದ ನಮ್ಮ ಬೋರ್‌ವೆಲ್ಲು ಮತ್ತೆ ಬಾಯಿ ಬಿಟ್ಟಿದೆ, ಅಪ್ಪ ಟೊಮೆಟೊ ಹಾಕ್ತಿರೋದು ಆ ನೀರಿನಿಂದಲೇ. ಆ ಟೊಮೆಟೊ ವೈಟ್‌ಫೀಲ್ಡಿಗೆ ಬರುತ್ತೆ, ನಮ್ಮ ಸಾರಿಗೆ ಬೀಳುತ್ತೆ, ಮತ್ತೆ ನಮ್ಮ ಎಸ್‌ಟಿಪಿಗೆ ಹೋಗುತ್ತೆ. ಚೆನ್ನಾಗಿ ಸಂಸ್ಕರಿಸಿದ್ದರೆ ಲೋಹದ ಬಹುಪಾಲು ಘಟಕದ ಕೆಸರಿನಲ್ಲೇ ಉಳಿದಿರುತ್ತೆ. ಆದರೆ ಸ್ವಲ್ಪ ಸ್ವಲ್ಪವೇ ಬಂದದ್ದು ವರ್ಷಗಟ್ಟಲೆ ಕೂತರೆ? ಕೆರೆ ವರ್ಷಪೂರ್ತಿ ತುಂಬಿರೋದ್ರಿಂದ ಬೇಸಿಗೇಲಿ ತಳ ಒಣಗಲ್ಲ, ಗೋಡು ತೆಗೆದು ನೋಡಿದವರೂ ಕಮ್ಮಿ.

ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಒಂದು ಕಿಲೋ ತೆಗೆದಿಟ್ಟಿರು, ಶನಿವಾರ ಬರ್ತೀನಿ" ಅಂದೆ. ಹೋದಾಗ ಅವನು ಕೆರೆ ಅಂಚಿನಿಂದ ಗೋಡು ತೆಗೆದು, ಹಳೇ ರಾಗಿ ಚೀಲದ ತುಂಡಿನಲ್ಲಿ ಕಟ್ಟಿ, ಜಗುಲಿ ಮೇಲೆ ಇಟ್ಟಿದ್ದ. ಪಕ್ಕದಲ್ಲೇ ಇನ್ನೊಂದು ಸಣ್ಣ ಗಂಟು.

"ಇದೇನಪ್ಪ?"

"ಕೆರೆ ನೀರು ಮುಟ್ದೇ ಇರೋ ಮೇಲ್ಗಡೆ ಹೊಲದ್ದು. ಹೋಲಿಸಿ ನೋಡಬೇಕು ಅಂದಿದ್ಯಲ್ಲ."

ಎರಡೂ ಗಂಟು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ವೈಟ್‌ಫೀಲ್ಡಿಗೆ ವಾಪಸ್ ಬಂದೆ. ಸೋಮವಾರ ಲ್ಯಾಬಿಗೆ ಕೊಟ್ಟಿದ್ದೀನಿ. ರಿಪೋರ್ಟು ಬರೋವರೆಗೆ ಗೋಡು ಹೊಡೆಯೋಲ್ಲ ಅಂತ ಅಪ್ಪ ಮಾತು ಕೊಟ್ಟಿದ್ದಾನೆ.